ಶಿವರಾತ್ರಿ ಆದ್ರೂ ಚಳಿ, ಮಧ್ಯಾಹ್ನ ಬೆಂಕಿ, ಸಂಜಿಗಿ ಗುಡುಗು

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗತೈತಿ ಅಂತಾರ, ಈ ಸಲ ಅದಕ್ಕ ಯಾರೂ ಹೇಳೇ ಇಲ್ಲ ಅನಸ್ತೈತಿ. ನಿನ್ನೆ ಮುಂಜಾನಿ ಸ್ವೆಟರ್ ಹಾಕ್ಕೊಂಡು ಹೊಲಕ್ಕ ಗಾಡಿ ಹೊಡ್ದೆ, ಮಧ್ಯಾಹ್ನಕ್ಕ ತಲಿ ಸುಡೋ ಬಿಸಲು, ಸಂಜಿ ಐದಕ್ಕ ಮುನಿರಾಬಾದ್ ಕಡಿಂದ ಕರಿ ಮೋಡ ಎದ್ದು ಗಾಳಿ ಬೀಸಿದ್ದು ನೋಡ್ರಿ, ಅಂಗಳದಾಗ ಒಣಗಾಕ ಹಾಕಿದ್ದ ಮೆಣಸಿನಕಾಯಿ ಮ್ಯಾಲ ತಾಡಪಾಲು ಹೊಚ್ಚೋದ್ರಾಗ ನಾನೂ ಅವ್ವನೂ ಕೆಮ್ಮಿ ಕೆಮ್ಮಿ ಸಾಕಾದ್ವಿ. ಒಂದ್ ತುದಿ ಹಿಡದ್ರ ಇನ್ನೊಂದ್ ತುದಿ ಹಾರತಿತ್ತು. ಕೊನಿಗೆ ಅವ್ವ ರುಬ್ಬೋ ಗುಂಡನ್ನೇ ತಂದು ಹೇರಿದ್ಲು.

ನೆಲ ಕಾದು ಬಿಸಿಗಾಳಿ ಮ್ಯಾಲ ಏರತೈತಿ, ಸಮುದ್ರದ ಕಡಿ ತೇವ ಬಂದು ಕೂಡತೈತಿ, ಅಲ್ಲಿ ಮ್ಯಾಲ ಥಂಡಿ, ಅದಕ್ಕ ಮುಗಿಲು ಒಂದ್ ತಾಸಿನ್ಯಾಗ ಗುಡ್ಡ ಆಗಿಬಿಡತೈತಿ. 2014ರ ಫೆಬ್ರವರಿ-ಮಾರ್ಚ್‌ದಾಗ ನಮ್ಮ ಉತ್ತರ ಕರ್ನಾಟಕ, ಮಹಾರಾಷ್ಟ್ರದಾಗ ಆಣೆಕಲ್ಲು ಸುರದಿದ್ದು ಮರ್ತಿಲ್ಲ. ಕೊಪ್ಪಳದಾಗ ಕೇಸರ್ ಮಾವು ಹಾಕಿದವ್ರಿಗಂತೂ ಗೋಟಿ ಗಾತ್ರದ ಕಾಯಿ ಗಿಡದಾಗ ಇರೋತನಕ ನಿದ್ದಿ ಇಲ್ಲ.

ಮಿಂಚು ಹೊಡದ್ಮ್ಯಾಲ ಗುಡುಗು ಕೇಳೋತನಕ ಮೂರು ಸೆಕೆಂಡಿಗೆ ಒಂದು ಕಿಮೀ ಲೆಕ್ಕ. ನಿನ್ನೆ ಆರು ಎಣಿಸೋದ್ರಾಗ ಢಂ ಅಂತು, ಅಂದ್ರ ಎರಡೇ ಕಿಮೀ, ಅಂಥಾದ್ರಾಗ ಕಾಕಾ ಎತ್ತು ಹಿಡ್ಕೊಂಡು ಆರಾಮ ಬೇವಿನ ಗಿಡದ ಬುಡಕ ನಿಂತಾನ! ಚೀರಿ ಚೀರಿ ಒಳಗ ಕರದ್ವಿ, "ಏ ಏನಾಗಲ್ಲ ಬಿಡೋ" ಅನ್ಕೋತ ಬಂದ.

ಮಳಿ ಹತ್ತು ಹನಿ ಅಷ್ಟ. ಕರೆಂಟ್ ಮಾತ್ರ ರಾತ್ರಿ ಒಂದಕ್ಕ ಬಂತು. ಇವತ್ತು ಮತ್ತ ಧಗಿ, ಗುಂಡು ಒಳಗ ಒಯ್ಯಬ್ಯಾಡ ಅಂದಾಳ ಅವ್ವ.