ರಘುರಾಜಪುರ: ಜಗಲಿಯಲ್ಲೇ ನಿಲ್ಲಬೇಡಿ, ಒಳಗೆ ಹೋಗಿ

ಪುರಿಗೆ ಹೋದವರು ಜಗನ್ನಾಥನ ದರ್ಶನ, ಸಮುದ್ರ, ಕೋಣಾರ್ಕ ಮುಗಿಸಿ ರೈಲು ಹತ್ತಿಬಿಡುತ್ತಾರೆ. ಅರ್ಧ ದಿನ ಉಳಿಸಿಕೊಂಡು ಹತ್ತಿರದಲ್ಲೇ ಇರುವ ಚಿತ್ರಕಾರರ ಊರು ರಘುರಾಜಪುರಕ್ಕೂ ಹೋಗಿ ಬನ್ನಿ. ಭುವನೇಶ್ವರದ ಬಸ್ ಹತ್ತಿ ಚಂದನಪುರದಲ್ಲಿ ಇಳಿದರೆ ಊರು ನಡಿಗೆಯ ದೂರ. ನಾನು ಪುರಿಯಿಂದಲೇ ಆಟೊ ಮಾಡಿಕೊಂಡು ಕೆಟ್ಟೆ. ಚಾಲಕ ದಾರಿಯಲ್ಲಿನ ಅಂಗಡಿಯೊಂದರ ಮುಂದೆ ನಿಲ್ಲಿಸಿ ಇದೇ ಊರು ಎಂದ. ಎದುರುಬದುರು ಎರಡು ಸಾಲು ಮನೆ, ನಡುವೆ ಪುಟ್ಟ ಪುಟ್ಟ ಗುಡಿಗಳು ಕಾಣಿಸದಿದ್ದರೆ ನೀವಿನ್ನೂ ಊರು ಸೇರಿಲ್ಲ ಎಂದೇ ಲೆಕ್ಕ.

ಇಲ್ಲಿ ಮನೆಯೇ ಕಾರ್ಖಾನೆ, ಜಗಲಿಯೇ ಪ್ರದರ್ಶನ. ‘ನೋಡಿ ಸಾಕು, ಕೊಳ್ಳಬೇಡಿ’ ಎಂದು ಎಲ್ಲ ಬಾಗಿಲಿನಿಂದಲೂ ಕರೆಯುತ್ತಾರೆ. ಮೊದಲ ಮನೆಯಲ್ಲೇ ದುಡ್ಡು ಬಿಚ್ಚಬೇಡಿ. ಹೊರಗೆ ಹರಡಿರುವ ಬಣ್ಣದ ತೆಂಗಿನಕಾಯಿ, ಬಾಟಲಿಗಳು ನಮ್ಮಂಥ ಅವಸರದವರಿಗಾಗಿ. ರಾಷ್ಟ್ರಪ್ರಶಸ್ತಿ, ರಾಜ್ಯಪ್ರಶಸ್ತಿ ಪಡೆದ ಚಿತ್ರಕಾರರು ಈ ಊರಿನಲ್ಲಿ ಹಲವರಿದ್ದಾರೆ. ಪ್ರಶಸ್ತಿ ಬಂದ ಕೆಲಸ ತೋರಿಸುತ್ತೀರಾ ಎಂದು ಕೇಳಿ ನೋಡಿ, ಮಾತಿನ ಧಾಟಿಯೇ ಬದಲಾಗುತ್ತದೆ.

ನಾನು ಕೇಳಿದ ಹಿರಿಯರು ಒಳಗಿನಿಂದ ರಾಸಲೀಲೆಯ ಪಟ್ಟಚಿತ್ರವೊಂದನ್ನು, ಅಂದರೆ ಬಟ್ಟೆಯ ಮೇಲೆ ಬರೆದ ಚಿತ್ರವನ್ನು ತಂದು ಚಾಪೆಯ ಮೇಲೆ ಬಿಡಿಸಿದರು. ಒಂದು ಮೂಲೆಯಲ್ಲಿ ಚಹಾ ಬಣ್ಣದ ಕಲೆ. 2019ರ ಫೋನಿ ಚಂಡಮಾರುತದಲ್ಲಿ ಸೂರು ಹಾರಿದಾಗ ನೆನೆದದ್ದಂತೆ. ಮಾರುವುದಿಲ್ಲ ಎಂದು ಮೊದಲೇ ಹೇಳಿದರು. ಹಿಂಬದಿ ಮುಟ್ಟಿ ನೋಡಲು ಬಿಟ್ಟರು: ಎರಡು ಪದರ ಬಟ್ಟೆಯನ್ನು ಹುಣಸೆ ಬೀಜದ ಅಂಟಿನಲ್ಲಿ ಕೂಡಿಸಿ, ಸೀಮೆಸುಣ್ಣದ ಪುಡಿ ಬಳಿದು, ಕಲ್ಲಿನಲ್ಲಿ ಉಜ್ಜಿ ಉಜ್ಜಿ ತೊಗಲಿನಂತಾಗಿದೆ. ಬಿಳಿಗೆ ಶಂಖ, ಕೆಂಪಿಗೆ ಇಂಗಳೀಕವೆಂಬ ಖನಿಜ, ಹಳದಿಗೆ ಹರಿದಾಳವೆಂಬ ಖನಿಜ, ಕಪ್ಪಿಗೆ ದೀಪದ ಕಾಡಿಗೆ; ಎಲ್ಲಕ್ಕೂ ಬೇಲದ ಅಂಟು. ಈಗ ಪೋಸ್ಟರ್ ಬಣ್ಣ ಬಳಸುವವರೂ ಇದ್ದಾರೆ. ಕೊಳ್ಳುವ ಮುಂಚೆ ಕೇಳಿಬಿಡಿ, ನಾಚಿಕೆಪಟ್ಟುಕೊಳ್ಳಬೇಡಿ.

ತಾಳೆಗರಿಯ ಕೆಲಸಕ್ಕೆ ಇನ್ನಷ್ಟು ಹೊತ್ತು ಕೊಡಿ. ಆ ಹಿರಿಯರ ಸೊಸೆ ಕಂಠವೆಂಬ ಮೊನಚು ಕಬ್ಬಿಣದ ಲೇಖನಿಯಿಂದ ಗೀರುತ್ತಿದ್ದರು. ಗರಿಯ ಮೇಲೆ ನನಗೇನೂ ಕಾಣಲಿಲ್ಲ. ಆಮೇಲೆ ಕಾಡಿಗೆ ಬಳಿದು ಬಟ್ಟೆಯಿಂದ ಒರೆಸಿದರು ನೋಡಿ, ಗೀರಿನಲ್ಲಿ ಮಾತ್ರ ಕಪ್ಪು ನಿಂತು ಗಣಪತಿ ಎದ್ದು ಕುಳಿತ! ಇಸ್ಪೀಟಿನಂಥ ಆಟದ ದುಂಡನೆಯ ಗಂಜೀಫಾ ಎಲೆಗಳನ್ನೂ ಇಲ್ಲಿ ಬರೆಯುತ್ತಾರೆ. ಮೈಸೂರಿನ ಗಂಜೀಫಾ ನೋಡಿದವರು ಎರಡನ್ನೂ ಹೋಲಿಸದೆ ಇರಲಾರರು.

ಒಡಿಸ್ಸಿ ನೃತ್ಯದ ಗುರು ಕೇಳುಚರಣ ಮಹಾಪಾತ್ರರು ಹುಟ್ಟಿದ್ದು ಇದೇ ಊರಿನಲ್ಲಿ. ಹುಡುಗರು ಹೆಣ್ಣು ವೇಷ ತೊಟ್ಟು ಕುಣಿಯುವ ಗೋಟಿಪುಅ ನೃತ್ಯ ನೋಡುವ ಆಸೆಯಿದ್ದರೆ ಮೊದಲೇ ವಿಚಾರಿಸಿಕೊಳ್ಳಿ.

ಬೆಳಗ್ಗೆ ಬೇಗ ಹೋಗಿ. ಬಿಸಿಲೇರಿದರೆ ಬೀದಿಯಲ್ಲಿ ನಿಲ್ಲಲಾಗದು. ಜ್ಯೇಷ್ಠದ ಸ್ನಾನಪೂರ್ಣಿಮೆಯ ನಂತರ ಸುಮಾರು ಹದಿನೈದು ದಿನ ಪುರಿಯ ದೇವರಿಗೆ ‘ಜ್ವರ’, ದರ್ಶನವಿಲ್ಲ. ಆಗ ಗುಡಿಯಲ್ಲಿ ಪೂಜೆ ಪಡೆಯುವುದು ಚಿತ್ರಕಾರರು ಬರೆದ ಪಟವೇ. ಆ ದಿನಗಳಲ್ಲಿ ಹೋಗುವವರು ದರ್ಶನದ ಲೆಕ್ಕ ಮೊದಲೇ ಹಾಕಿಕೊಳ್ಳಲಿ. ಕೈಯಲ್ಲಿ ನಗದು ಇರಲಿ, ಗಟ್ಟಿ ರಟ್ಟಿನ ಕೊಳವೆಯೊಂದು ಮನೆಯಿಂದಲೇ ಬರಲಿ. ನಾನು ಒಯ್ಯದೆ, ಕೊಂಡ ಪಟವನ್ನು ರೈಲಿನಲ್ಲಿ ರಾತ್ರಿಯಿಡೀ ಎದೆಗವಚಿಕೊಂಡು ಮಲಗಿದೆ.