ಬಿಸಿ ರೊಟ್ಟಿಯ ಮುಟಗಿ

ನಿನ್ನೆ ರಾತ್ರಿ ಗೆಳತಿ ಫೋನ್ ಮಾಡಿ, "ಪಲ್ಲೆ ಮಾಡಲು ಬೇಸರವಾಗಿದೆ, ಏನು ಮಾಡಲಿ ಅಕ್ಕಾ?" ಎಂದಳು. ಬಿಸಿ ಜೋಳದ ರೊಟ್ಟಿಯನ್ನು ಖಾರದ ಜೊತೆ ಜಜ್ಜಿ ಮುದ್ದೆ ಕಟ್ಟುವ ನಮ್ಮ ಕಡೆಯ ಮುಟಗಿ ಮಾಡು ಎಂದೆ. ವಿಜಯಪುರದಲ್ಲೇ ಹುಟ್ಟಿ ಬೆಳೆದವಳಿಗೂ ಅದು ಮರೆತೇ ಹೋಗಿತ್ತು.

ಜೋಳದ ರೊಟ್ಟಿಯನ್ನು ತುಸು ದಪ್ಪಗೆ ಬಡಿಯಬೇಕು. ಅದು ಬೇಯುವಷ್ಟರಲ್ಲಿ 6 ಎಸಳು ಬೆಳ್ಳುಳ್ಳಿ, 3 ಹಸಿಮೆಣಸಿನಕಾಯಿ, ಚಿಟಿಕೆ ಜೀರಿಗೆ, ಉಪ್ಪು ಕಲ್ಲಿನಲ್ಲಿ ಕುಟ್ಟಿಟ್ಟುಕೊಳ್ಳಬೇಕು. ಹಂಚಿನಿಂದ ಇಳಿಸಿದ ರೊಟ್ಟಿಯನ್ನು ಆ ಕ್ಷಣವೇ ಮುರಿದು ಹಾಕಿ, ಹಬೆಯಾಡುತ್ತಿರುವಾಗಲೇ ಜಜ್ಜಬೇಕು. ಆರಿದರೆ ಕೆಟ್ಟಿತು. ಜೋಳಕ್ಕೆ ಗೋಧಿಯ ಜಿಗುಟಿಲ್ಲ, ಬಿಸಿ ಇರುವಷ್ಟು ಹೊತ್ತು ಮಾತ್ರ ಮುದ್ದೆ ಕಟ್ಟುತ್ತದೆ. ಮೇಲೆ ಒಂದು ಚಮಚ ಕುಸುಬಿ ಎಣ್ಣೆ. ತುಪ್ಪವೂ ಆದೀತು, ಆದರೆ ನನ್ನ ಮತ ಕುಸುಬಿಗೇ. ಜೊತೆಗೆ ಗಟ್ಟಿ ಮೊಸರು, ಒಂದು ಉಳ್ಳಾಗಡ್ಡಿ.

ನಾವು ಶಾಲೆಯಿಂದ ಬಂದಾಗ ಅವ್ವ ಒಲೆಯ ಮುಂದೆ ಕುಳಿತೇ ಮುಟಗಿಯನ್ನು ಮುಷ್ಟಿಯಲ್ಲಿ ಒತ್ತಿ ಕೈಗಿಡುತ್ತಿದ್ದಳು. ತಟ್ಟೆಯೂ ಬೇಕಿರಲಿಲ್ಲ. ಅವಸರದ ಅಡುಗೆ ಎಂದು ಈಗ ಕರೆಯುತ್ತೇವೆ, ಆದರೆ ಅವಳ ಕೈಯಲ್ಲಿ ಅವಸರವನ್ನು ನಾನು ಕಂಡದ್ದೇ ಇಲ್ಲ.

ಅರ್ಧ ಗಂಟೆಗೆ ಗೆಳತಿಯ ಫೋಟೊ ಬಂತು. ಎಣ್ಣೆಯಲ್ಲಿ ಮಿನುಗುವ ಮುಟಗಿ, ಅದರ ಮೇಲೆ ಅವಳ ನಾಲ್ಕು ಬೆರಳಿನ ಗುರುತು.