ಮಾತು ಸರಿ, ಫ್ಯಾಕ್ಸ್ ಮಾತ್ರ ಅರ್ಧಕ್ಕೇ ಕಟ್

ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಪಿಆರ್‌ಐ ಲೈನ್ (ಒಂದೇ ಲೈನಿನಲ್ಲಿ ಒಟ್ಟಿಗೆ ಹಲವು ಕಾಲ್ ಹೋಗುವ ಡಿಜಿಟಲ್ ಫೋನ್ ಲೈನ್) ಹಾಕಿಸಿ ಸ್ವಲ್ಪ ದಿನ ಆಗಿತ್ತು. ಕಾಲ್‌ಗಳನ್ನು ನಡೆಸೋಕೆ ಆಸ್ಟರಿಸ್ಕ್ ಅನ್ನೋ ಫೋನ್ ಸಾಫ್ಟ್‌ವೇರಿನ ಸರ್ವರ್, ಅದರಲ್ಲಿ ಆ ಲೈನ್ ಸಿಕ್ಕಿಸುವ ಒಂದು ಇ1 ಕಾರ್ಡ್. ಅಕೌಂಟ್ಸ್‌ನವರು ಫೋನ್ ಮಾಡಿ, "ಸಾರ್, ಮಾತಾಡೋಕೆ ಏನೂ ತೊಂದರೆ ಇಲ್ಲ. ಇನ್ಶೂರೆನ್ಸ್‌ಗೆ ಫ್ಯಾಕ್ಸ್ ಹಾಕಿದ್ರೆ ಅರ್ಧಕ್ಕೇ ನಿಂತುಹೋಗುತ್ತೆ" ಅಂದರು.

ಮೊದಲು ಲೈನ್ ಹಾಕಿದವರು, ಕಾರ್ಡ್ ಕಳಿಸಿದ್ದನ್ನು ಅದಕ್ಕೇ ವಾಪಸ್ ಕೊಡುವ ಲೂಪ್‌ಬ್ಯಾಕ್ ಪ್ಲಗ್ ಹಾಕಿ ನೋಡಿ, ಕಾರ್ಡ್ ಚೆನ್ನಾಗಿದೆ, ತಪ್ಪು ಲೈನಿನದೇ ಎಂದು ಬರೆದುಕೊಟ್ಟಿದ್ದರು. ಎಕ್ಸ್‌ಚೇಂಜಿಗೆ ದೂರೂ ಹೋಗಿತ್ತು.

ನಾನು ಹೋಗಿ ನೋಡಿದಾಗ ಅಲಾರಂ ಯಾವುದೂ ಇರಲಿಲ್ಲ. ಲೈನಿನ ಸಿಗ್ನಲ್ ಕೆಟ್ಟರೆ ಏರುವ ಬೈಪೋಲಾರ್ ವಯಲೇಶನ್ ಎಣಿಕೆ ಸೊನ್ನೆ. ಅಂದರೆ ವೈರಿಂಗ್, ಬಿಟ್‌ಗಳನ್ನು ಲೈನಿಗೆ ಹಾಕುವ ಎಚ್‌ಡಿಬಿ3 ಕೋಡಿಂಗ್ ಎರಡೂ ಸರಿ. ತಪ್ಪು ಪತ್ತೆಹಚ್ಚುವ ಸಿಆರ್‌ಸಿ4 ಎರಡು ಕಡೆಯೂ ಆನ್ ಇತ್ತು. ಒಂದು ಕಾಲ್ ಹಾಕಿ ಸುಮ್ನೆ ಕಿವಿಗೊಟ್ಟು ಕೂತೆ. ಹತ್ತು ಹನ್ನೆರಡು ಸೆಕೆಂಡಿಗೊಮ್ಮೆ ಸಣ್ಣಗೆ 'ಟಿಕ್' ಅನ್ನುತ್ತಿತ್ತು. ಮಾತಿನ ನಡುವೆ ಗೊತ್ತೇ ಆಗದಷ್ಟು ಸಣ್ಣದು. ಆದರೆ ತಪ್ಪದೆ, ಒಂದೇ ಅಂತರದಲ್ಲಿ. ವೈರ್ ಲೂಸ್ ಇದ್ದರೆ ಶಬ್ದ ಹೀಗೆ ಲೆಕ್ಕ ಹಾಕಿದ ಹಾಗೆ ಬರಲ್ಲ ಅಲ್ವಾ?

ಕಾನ್ಫಿಗರೇಶನ್ ಫೈಲ್ ತೆಗೆದೆ. ಸ್ಪ್ಯಾನ್=1,0,0,ಸಿಸಿಎಸ್,ಎಚ್‌ಡಿಬಿ3,ಸಿಆರ್‌ಸಿ4 ಎಂದಿತ್ತು. ಆ ಎರಡನೇ ಅಂಕಿಯೇ ಟೈಮಿಂಗ್. ಅಲ್ಲಿ 0 ಇದ್ದರೆ ಈ ಲೈನಿನಿಂದ ಕ್ಲಾಕ್ (ಬಿಟ್‌ಗಳು ಓಡುವ ವೇಗದ ತಾಳ) ತೆಗೆದುಕೊಳ್ಳಬೇಡ ಎಂದರ್ಥ. ಬೇರೆ ಲೈನ್ ಇಲ್ಲದ್ದರಿಂದ ಕಾರ್ಡ್ ತನ್ನದೇ ಕ್ಲಾಕ್ ಮೇಲೆ ಓಡುತ್ತಿತ್ತು.

ಇ1 ಲೈನಿನಲ್ಲಿ ಸೆಕೆಂಡಿಗೆ 8000 ಫ್ರೇಮ್, ಅಂದರೆ ಡೇಟಾದ ಕಂತು, ಹೋಗುತ್ತವೆ. ಒಂದೊಂದರಲ್ಲೂ 32 ಟೈಮ್‌ಸ್ಲಾಟ್ (ಜಾಗ); ಒಂದು ಕಾಲಿಗೆ ಅದರಲ್ಲೊಂದು. ಎರಡು ಕಡೆಯ ಕ್ಲಾಕ್‌ಗಳ ನಡುವೆ ಹತ್ತು ಲಕ್ಷಕ್ಕೆ 10ರಷ್ಟು ವ್ಯತ್ಯಾಸ ಇದ್ದರೂ ಸಾಕು, ಹನ್ನೆರಡೂವರೆ ಸೆಕೆಂಡಿಗೆ ಒಂದು ಇಡೀ ಫ್ರೇಮ್ ಬಿಟ್ಟುಹೋಗುತ್ತದೆ, ಇಲ್ಲವೇ ಎರಡು ಸಲ ಬರುತ್ತದೆ. ಇದೇ ಸ್ಲಿಪ್. ಮಾತಿನಲ್ಲಾದರೆ ಒಂದು ಸ್ಯಾಂಪಲ್ (ದನಿಯ ಒಂದು ಸಣ್ಣ ಚೂರು) ಹೋಯಿತು, ಅಷ್ಟೇ. ಫ್ಯಾಕ್ಸ್ ಮೋಡೆಮ್‌ಗೆ ಮಾತ್ರ ಹಿಡಿದ ತಾಳ ಅಲ್ಲೇ ತಪ್ಪುತ್ತದೆ.

ಲೂಪ್‌ಬ್ಯಾಕ್‌ನಲ್ಲಿ ಇದು ಕಾಣುವುದೇ ಇಲ್ಲ. ಅಲ್ಲಿ ಕಾರ್ಡ್ ಕಳಿಸಿದ್ದೇ ಅದಕ್ಕೆ ವಾಪಸ್ ಬರುತ್ತದೆ, ಇರುವುದು ಒಂದೇ ಕ್ಲಾಕ್. ಅದೊಂದನ್ನೇ ನಂಬಿ ಎಕ್ಸ್‌ಚೇಂಜಿನವರನ್ನು ದೂರಿದ್ದು ನನಗೆ ನಿಜಕ್ಕೂ ಬೇಜಾರಾಯಿತು. ಆ ಕಡೆಯ ಇಂಜಿನಿಯರ್‌ಗೆ ಫೋನ್ ಮಾಡಿದೆ. ಅವರು ಸ್ಲಿಪ್ ಕೌಂಟರ್ ನೋಡಿ, "ಹೌದು ಸಾರ್, ಏರ್ತಾನೇ ಇದೆ" ಎಂದರು. ಎಕ್ಸ್‌ಚೇಂಜಿನ ಕ್ಲಾಕ್ ಇಡೀ ನೆಟ್‌ವರ್ಕಿಗೆ ಹೊಂದಿಕೊಂಡಿರುತ್ತದೆ. ಅದನ್ನು ಹಿಂಬಾಲಿಸಬೇಕಾದ್ದು ನಮ್ಮ ಕಾರ್ಡ್.

ಆಸ್ಪತ್ರೆಯ ಫೋನ್ ಹಗಲಲ್ಲಿ ನಿಲ್ಲಿಸುವ ಹಾಗಿಲ್ಲ. ರಾತ್ರಿ ಕಾಲ್ ಕಡಿಮೆಯಾದ ಮೇಲೆ ಆ ಟೈಮಿಂಗ್‌ನ 0 ತೆಗೆದು 1 ಹಾಕಿ ಡ್ರೈವರ್ ರೀಸ್ಟಾರ್ಟ್ ಮಾಡಿದೆ. ಇಂಜಿನಿಯರ್ ಫೋನಿನಲ್ಲೇ ಇದ್ದರು. ಕೌಂಟರ್ ನಿಂತಿತು. ಬೆಳಿಗ್ಗೆ ಅಕೌಂಟ್ಸ್‌ನವರು ಬಾಕಿ ಇದ್ದ ಕ್ಲೇಮ್ ಪೇಪರ್‌ಗಳನ್ನು ಒಟ್ಟಿಗೆ ಫ್ಯಾಕ್ಸಿಗೆ ಹಾಕಿದರು. ಎಲ್ಲಾ ಪುಟ ಹೋದವು. ಎಕ್ಸ್‌ಚೇಂಜಿನ ಮೇಲಿದ್ದ ದೂರನ್ನು ಮೊದಲು ಲೈನ್ ಹಾಕಿದವರ ಕೈಯಲ್ಲೇ ವಾಪಸ್ ತೆಗೆಸಿ, ಕಾರಣವನ್ನೂ ಬರೆಸಿದೆ.